ಝಕಾತ್ ವೇತನವಲ್ಲ

ರಮಝಾನ್ ಬಂತೆಂದರೆ ನಮ್ಮ ಮನೆಗಳಲ್ಲಿ ಕೆಲಸದಾಕೆಯ ದುಡಿಮೆ ಹೆಚ್ಚುತ್ತದೆ. ಇಫ್ತಾರಿನ ತಯಾರಿ, ಅತಿಥಿಗಳು ಉಂಡ ಪಾತ್ರೆಗಳು, ಹಬ್ಬಕ್ಕೆ ಮುನ್ನ ಮನೆ ತೊಳೆಯುವುದು ಎಲ್ಲವೂ ಆಕೆಯ ಪಾಲಿಗೆ. ತಿಂಗಳ ಕೊನೆಗೆ ಝಕಾತಿನ ಒಂದು ಮೊತ್ತವನ್ನು ಆಕೆಯ ಕೈಗಿತ್ತು, ಆ ದುಡಿಮೆಯ ಲೆಕ್ಕ ತೀರಿತೆಂದು ನಾವು ಸಮಾಧಾನಪಡುತ್ತೇವೆ. ಇದು ಸರಿಯೇ?

ಆಕೆ ಅರ್ಹಳಾಗಿದ್ದರೆ ಝಕಾತ್ ಕೊಡಬಹುದು, ನಿಜ. ಆದರೆ ವೇತನವು ನಾವು ತೀರಿಸಬೇಕಾದ ಸಾಲ. ಝಕಾತ್ ಪ್ರತಿಫಲ ಬಯಸದೆ ಸಲ್ಲಿಸುವ ಆರಾಧನೆ. ಒಂದರಿಂದ ಇನ್ನೊಂದು ಸಂದಾಯವಾಗದು. ಬೆವರಾರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಆದೇಶಿಸಿದರು. ಶಕ್ತಿಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ಸ್ವತಃ ನೆರವಾಗಬೇಕೆಂದೂ ಕಲಿಸಿದರು. ಹತ್ತು ವರ್ಷ ಅವರ ಸೇವೆಯಲ್ಲಿದ್ದ ಅನಸ್(ರ), ಒಮ್ಮೆಯೂ ಅವರು ತನ್ನನ್ನು ಗದರಿಸಲಿಲ್ಲವೆಂದು ಸಾಕ್ಷ್ಯ ನುಡಿದಿದ್ದಾರೆ.

ಕರ್ನಾಟಕ ಸರಕಾರವು ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿದ್ದು 2004ರಲ್ಲಿ. ನಮ್ಮ ಮೇಲಿನ ಹೊಣೆ 1400 ವರ್ಷಗಳಷ್ಟು ಹಳೆಯದು.

ಆದ್ದರಿಂದ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಸಮಯ, ಕೆಲಸ, ವೇತನ, ವಾರದ ರಜೆಗಳನ್ನು ಸ್ಪಷ್ಟವಾಗಿ ಮಾತಾಡಿಕೊಳ್ಳೋಣ. ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಕೊಡೋಣ. ಝಕಾತಿನ ಮಾತು ಅದರ ನಂತರ ಬರಲಿ.