ಮೂಲೆಯ ಬಾಗಿಲು

ಮೊದಲೇ ಹೇಳಿಬಿಡ್ತೀನಿ, ನಾನು ಕುಡಿಯುವವನಲ್ಲ. ಆದರೂ ಇವತ್ತು ಹೆಂಡದಂಗಡಿಯ ಪರ ವಕಾಲತ್ತು :)

ಬ್ರಿಟನ್ನಿನಲ್ಲಿ ವಿಕ್ಟೋರಿಯಾ ರಾಣಿ ಕಾಲದ ಎಷ್ಟೋ ಪಬ್‌ಗಳು ಎರಡು ಬೀದಿ ಕೂಡುವ ಮೂಲೆಯಲ್ಲಿವೆ. ಗೋಡೆಯ ಮೂಲೆಯನ್ನು ಓರೆಯಾಗಿ ತೆಗೆದು ಅಲ್ಲೇ ಬಾಗಿಲಿಡೋದು. ಯಾವ ಬೀದಿಯಿಂದ ಬಂದರೂ ಕಾಣಬೇಕಲ್ಲ. ಕಿಟಕಿಗೆ ಚಿತ್ತಾರ ಕೊರೆದ ಗಾಜು. ಬೆಳಕು ಒಳಗೆ ಬರುತ್ತೆ, ಕುಡಿಯುವವನ ಮುಖ ಹೊರಗೆ ಕಾಣಲ್ಲ. ಕೂಲಿಯವರಿಗೊಂದು ಕೋಣೆ, ಕಾಸಿದ್ದವರಿಗೊಂದು. ಆ ಕಾಲದ ನಾಚಿಕೆ, ಮೇಲು-ಕೀಳು ಎಲ್ಲ ಗೋಡೆಯಲ್ಲೇ ಇದೆ.

ಬೆಲ್‌ಫಾಸ್ಟ್‌ನ ಕ್ರೌನ್ ಬಾರ್ ಅಂಥದ್ದೇ. 1978ರಲ್ಲಿ ನ್ಯಾಷನಲ್ ಟ್ರಸ್ಟ್ ಅದನ್ನು ಕೊಂಡು ಉಳಿಸಿತು. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಅಷ್ಟು ಹಳೆಯದೂ ಅಲ್ಲ, 1920ರ ದಶಕದ ಆರಂಭದ್ದು. 2015ರಲ್ಲಿ ಮಾಲೀಕರು ಅನುಮತಿಯಿಲ್ಲದೆ ಕೆಡವಿದರು. ಮೊದಲಿದ್ದ ಹಾಗೇ ಕಟ್ಟಿಕೊಡಿ ಅಂತ ಆದೇಶವಾಯ್ತು. ಕಟ್ಟಿದರು! 2021ರಲ್ಲಿ ಮತ್ತೆ ಬಾಗಿಲು ತೆರೆಯಿತು.

ನಮ್ಮಲ್ಲಿ? ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ವಿಕ್ಟೋರಿಯಾ ಹೋಟೆಲ್ ಅಂತಿತ್ತು, ಹಳೇ ಬಂಗಲೆ. ಅದು ಹೋಗಿ ಆ ಜಾಗದಲ್ಲಿ ಮಾಲ್ ಎದ್ದಿತು. ದೇವಸ್ಥಾನ, ಅರಮನೆಯಾದರೆ ನಾಲ್ಕು ಜನ ಗಲಾಟೆ ಮಾಡ್ತಾರೆ. ಹೋಟೆಲ್ಲು, ಅಂಗಡಿ, ಗಡಂಗಿಗೆ ಯಾರು ಅಳ್ತಾರೆ?

ಇಷ್ಟೆಲ್ಲ ಯಾಕೆ ಅಂದರೆ, ಈಗ ಸರದಿ ನಮ್ಮದೇ. ಕೋರದಲ್ಲಿ ನಮ್ಮ ತಾತನ ದಿನಸಿ ಅಂಗಡಿ ಇದೆ. ಅದೂ ಮೂಲೆಯದ್ದೇ. ಎರಡು ಬೀದಿಗೂ ಜಗಲಿ, ಹಲಗೆ ಬಾಗಿಲು, ಮಂಗಳೂರು ಹೆಂಚು. ಜಗಲಿ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಂತೇ ಸಾಮಾನು ತಗೋಬೇಕು ಅನ್ನೋ ಲೆಕ್ಕವೂ ಆ ಕಟ್ಟಡದಲ್ಲಿತ್ತು. ಅದನ್ನು ಮರೆತು ಬರೀ ಚೆಂದ ಹೊಗಳಿದರೆ ಸುಳ್ಳಾಗುತ್ತೆ.

ಅಣ್ಣ ಅದನ್ನು ಕೆಡವಿ ಆರ್‌ಸಿಸಿ ಮಳಿಗೆ ಕಟ್ಟಿಸ್ತಾನಂತೆ. ನಾನು ಫೋನಲ್ಲಿ ಬೇಡ ಅಂದೆ. "ಸೋರುವಾಗ ಬಕೆಟ್ ಇಡೋಳು ನಿಮ್ಮ ಅತ್ತಿಗೆ ಕಣೋ, ನೀನಲ್ಲ" ಅಂದ. ಉತ್ತರ ಇರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಹಳೇದು ಉಳೀಬೇಕು ಅನ್ನುವವನು ಹೆಂಚಿನ ದುಡ್ಡೂ ಕೊಡಬೇಕು. ಕೊಡ್ತೀನಿ ಅಂದಿದ್ದೀನಿ. ಅಣ್ಣ ಯೋಚಿಸ್ತಿದ್ದಾನೆ. ಒಪ್ಪದಿದ್ದರೆ, ಹೊಸ ಕಟ್ಟಡಕ್ಕೂ ಮೂಲೆಯಲ್ಲೊಂದು ಜಗಲಿ ಬಿಡು, ಯಾರು ಬೇಕಾದರೂ ಕೂರಲಿ ಅಂತ ಕೇಳ್ತೀನಿ.

ಭಾನುವಾರ ಟೇಪು, ಕ್ಯಾಮೆರಾ ಹಿಡಿದು ಊರಿಗೆ ಹೊರಟಿದ್ದೀನಿ. ನಿಮ್ಮೂರಿನ ಮೂಲೆಯಂಗಡಿ ಇನ್ನೂ ನಿಂತಿದೆಯಾ? ಜೆಸಿಬಿ ಬರೋ ಮುಂಚೆ ಒಂದು ಫೋಟೋ ತೆಗೆದು ಬರೀರಿ.