ಬಂಗಲೆಯೂ ಲೈನ್ ಮನೆಯೂ

ಪ್ರವಾಸೋದ್ಯಮವನ್ನು ವ್ಯಾಸಂಗದ ವಿಷಯವಾಗಿ ಆರಿಸಿಕೊಳ್ಳುವೆನೆಂದರೆ ಸಹಪಾಠಿ ಮಿತ್ರರು ನಗುತ್ತಾರೆ. "ಮುಳ್ಳಯ್ಯನಗಿರಿಗೆ ಜೀಪು ಹೊಡೆಯಲು ಎಂ.ಎ. ಬೇಕೇನೋ?" ಎಂಬುದು ಅವರ ಪ್ರಶ್ನೆ. ಜೀಪು ಹೊಡೆಯುವುದು ಗೌರವದ ಕೆಲಸವೇ. ನಾನು ಹೇಳುವುದು ಬೇರೆ. ಬಂದವರಿಗೆ ನಾವು ಏನನ್ನು ತೋರಿಸುತ್ತೇವೆ, ಏನನ್ನು ಮರೆಮಾಡುತ್ತೇವೆ ಎಂದು ವಿಚಾರಿಸುವ ವಿದ್ಯೆಯೂ ಒಂದಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞ ಜಾನ್ ಅರಿ 1990ರಲ್ಲಿ 'ದಿ ಟೂರಿಸ್ಟ್ ಗೇಜ್' ಎಂಬ ಗ್ರಂಥ ಬರೆದರು. ತಮ್ಮ ದೇಶದ ಕಡಲತೀರದ ಊರುಗಳ ಏಳುಬೀಳನ್ನೂ ಅದರಲ್ಲಿ ವಿವರಿಸಿದರು. ಅವರಿಗೆ ಕಡಲತೀರ ವಿಷಯವಾದರೆ ನಮಗೆ ಕಾಫಿಯ ಗುಡ್ಡವೇಕಾಗಬಾರದು?

ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆಯನ್ನು ಎಲ್ಲರೂ ಹೇಳುವರು. 1830ರ ಸುಮಾರಿಗೆ ಕ್ಯಾನನ್ ದೊರೆ ಇಲ್ಲಿ ತೋಟ ಹಾಕಿದ. ಮಂಜರಾಬಾದಿನ ಕಡೆ ತೋಟ ಮಾಡಿದ ಎಲಿಯಟ್, ಕಾಫಿ, ಬೇಟೆ, ಚಿನ್ನದ ಗಣಿಗಳ ವಿಚಾರವನ್ನೆಲ್ಲ 1894ರಲ್ಲಿ ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ದೊರೆಗಳ ಮಾತು ಹೀಗೆ ಉಳಿದಿದೆ. ಹಳೆಯ ಬಂಗಲೆಗಳಲ್ಲಿ ಹಲವು ಈಗ ಪ್ರವಾಸಿಗರ ತಂಗುಮನೆಗಳು. ಜಗಲಿ, ಬೆತ್ತದ ಕುರ್ಚಿ, ಅಗ್ಗಿಷ್ಟಿಕೆ, ಗೋಡೆಯ ಮೇಲೆ ಕಾಟಿಯ ಕೊಂಬು: ಇದಕ್ಕೆ 'ಹೆರಿಟೇಜ್' ಎಂದು ಹೆಸರು. ಅದೇ ತೋಟದ ಕೂಲಿಯವರ ಲೈನ್ ಮನೆಗೆ ಮಾತ್ರ ಆ ಹೆಸರಿಲ್ಲ.

ಲೈನಿನವರನ್ನು ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ದಕ್ಷಿಣ ಭಾರತದ ಪ್ಲಾಂಟರುಗಳು ಬಹುಕಾಲ ನೆಚ್ಚಿದ್ದುದು 1859ರ ಕರಾರುಭಂಗದ ಕಾಯಿದೆಯನ್ನು. ಮುಂಗಡ ಪಡೆದವನು ಕೆಲಸ ಬಿಟ್ಟು, ಮ್ಯಾಜಿಸ್ಟ್ರೇಟರ ಆಜ್ಞೆಗೂ ಮಣಿಯದಿದ್ದರೆ, ಮೂರು ತಿಂಗಳವರೆಗೆ ಕಠಿಣ ಸಜೆ! ಬ್ರಿಟಿಷ್ ಭಾರತದಲ್ಲಿ ಅದನ್ನು ರದ್ದುಪಡಿಸಿದ್ದು 1925ರ ಶಾಸನ. ತೋಟದ ಕಾರ್ಮಿಕರ ವಸತಿ, ವೈದ್ಯಸೌಕರ್ಯ ಮಾಲಿಕನ ಹೊಣೆಯೆಂದು ಕಾನೂನಾದುದು 1951ರಲ್ಲಿ. ನಾನು ಕಂಡ ಯಾವ ಬಂಗಲೆಯ ಗೋಡೆಯ ಮೇಲೂ ಈ ಸಂಗತಿಯನ್ನು ಓದಿಲ್ಲ.

ಇದನ್ನು ಬರೆಯಲು ಇಂಗ್ಲಿಷೊಂದೇ ಸಾಲದು. ತುಳು ಬೇಕು, ತಮಿಳು ಬೇಕು, ಕಳಸದ ಕಡೆಯ ಕನ್ನಡವೂ ಬೇಕು. ಮೂಡಿಗೆರೆಯ ಹುಡುಗಿಗೆ ಇವೆಲ್ಲ ಸಂತೆಯಲ್ಲಿಯೇ ಕಿವಿಗೆ ಬಿದ್ದಿರುತ್ತವೆ. ಹೊರಗಿನ ಪಂಡಿತನಾದರೋ ರಜೆಯಲ್ಲಿ ಬಂದು, ಮಾಲಿಕರ ಜಗಲಿಯಲ್ಲಿ ಕಾಫಿ ಕುಡಿದು ಹೋಗುತ್ತಾನೆ. (ಅವನನ್ನು ದೂರಿ ಫಲವೇನು? ಲೈನಿಗೆ ಕರೆದೊಯ್ಯುವವರು ಯಾರಿದ್ದಾರೆ?)

ಹೊಟ್ಟೆಪಾಡಿನ ಪ್ರಶ್ನೆಯನ್ನು ಅಲ್ಲಗಳೆಯಲಾರೆ. ಡಾಕ್ಟರೇಟಿಗೆ ವರ್ಷಗಟ್ಟಲೆ ಬೇಕು. ಆಮೇಲಿನ ಅತಿಥಿ ಉಪನ್ಯಾಸಕರ ಪಾಡು ನಮ್ಮ ಕಣ್ಣೆದುರಿಗೇ ಇದೆ. ಹೋಂಸ್ಟೇಯ ಸಂಬಳ ಬರುವ ತಿಂಗಳೇ ಕೈಸೇರುತ್ತದೆ. ಆದರೆ ಮುಂಗಡದ ಲೆಕ್ಕವನ್ನೂ ಮೇಸ್ತ್ರಿಯ ಹೆಸರನ್ನೂ ನೆನಪಿಟ್ಟಿರುವ ಮುದುಕಿಯರು ನಾವು ನೌಕರಿಯಲ್ಲಿ ನೆಲೆಯಾಗುವವರೆಗೂ ಇರುವರೆ? ಚರಿತ್ರೆಯ ಅಧ್ಯಾಪಕರು ಈ ಬೇಸಗೆಯಲ್ಲಿಯೇ ಹತ್ತು ಮಂದಿ ವಿದ್ಯಾರ್ಥಿಗಳ ಕೈಗೆ ನೋಟುಪುಸ್ತಕ ಕೊಟ್ಟು ಲೈನುಗಳಿಗೆ ಕಳುಹಿಸಲಿ. ಮೊದಲನೆಯ ಹೆಸರಾಗಿ ನನ್ನದನ್ನೇ ಬರೆದುಕೊಳ್ಳಬಹುದು.