ಬೀದಿಯ ಬೆಂಕಿ



ಈ ತಿಂಗಳ ಮಾತನ್ನು ನಾವು ನಮ್ಮದೇ ಒಂದು ಅಪರಾಧದ ನಿವೇದನೆಯಿಂದ ಆರಂಭಿಸಬೇಕಾಗಿದೆ. ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದೆ ಎರಡು ಹೊಂಗೆಯ ಮರಗಳಿವೆ. ಅವು ಎಲೆಯುದುರಿಸತೊಡಗಿದರೆ ಅಂಗಳವನ್ನು ದಿನಕ್ಕೆ ಎರಡಾವರ್ತಿ ಗುಡಿಸಿದರೂ ಸಾಲದು. ಕೆಲಸದಿಂದ ನಿವೃತ್ತರಾದ ಮೇಲೆ ಗುಡಿಸುವ ಭಾರವನ್ನು ನಾವೇ ವಹಿಸಿಕೊಂಡು, ಬೆಳಗಿನ ಜಾವ ಆ ಎಲೆಗಳನ್ನೂ, ಅವುಗಳೊಡನೆ ಸೇರಿಬಂದ ಕಾಗದ, ಹಾಲಿನ ಪೊಟ್ಟಣ, ಅಂಗಡಿಯ ಚೀಲಗಳನ್ನೂ ಚರಂಡಿಯ ಅಂಚಿನಲ್ಲಿ ಒಟ್ಟಿ, ಕಡ್ಡಿ ಗೀರಿ, ಕೈ ಕಾಯಿಸಿಕೊಳ್ಳುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದೆವು. ಚಳಿಗೆ ಹಿತ, ಬೀದಿಗೆ ಶುಚಿ. ಇದರಲ್ಲಿ ದೋಷವಿರಬಹುದೆಂಬುದು ನಮಗೆ ಹೊಳೆದೇ ಇರಲಿಲ್ಲ.

ಎದುರು ಮನೆಯ ಯಜಮಾನರು ತಮ್ಮ ಯೌವನವನ್ನೆಲ್ಲ ಹತ್ತಿಯ ಗಿರಣಿಯೊಂದರಲ್ಲಿ ಕಳೆದವರು. ಗಿರಣಿ ಮುಚ್ಚಿ ಹೋಯಿತು. ಅದರ ಧೂಳು ಮಾತ್ರ ಅವರ ಎದೆಯಲ್ಲಿ ಉಳಿಯಿತು. ಒಂದು ದಿನ ಬೆಳಗ್ಗೆ ಅವರು ಬಾಯಿಗೆ ಟವೆಲು ಒತ್ತಿಕೊಂಡು ನಮ್ಮ ಬಾಗಿಲಿಗೆ ಬಂದು, “ಮೇಷ್ಟ್ರೇ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಬೆಂಕಿ ಹತ್ತಿದ ಕೂಡ್ಲೆ ನನಗೆ ಉಸಿರು ಸಿಗಂಗಿಲ್ಲ. ಮೂರು ರಾತ್ರಿ ಆತು, ಕುಂತೇ ಕಳದೀನಿ” ಎಂದರು. ವಿಚಾರಿಸಲಾಗಿ, ಎರಡು ಚಳಿಗಾಲಗಳಿಂದಲೂ ಅವರಿಗೆ ಹೀಗೆಯೇ ಆಗುತ್ತಿದ್ದಿತೆಂದೂ, ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದರೆಂದೂ ತಿಳಿದುಬಂತು. ಆ ಮರ್ಯಾದೆಯ ಮಾತು ನಮ್ಮನ್ನು ಚುಚ್ಚಿದಷ್ಟು ಬಯ್ಗುಳವೂ ಚುಚ್ಚುತ್ತಿರಲಿಲ್ಲ.

ಸಂಸ್ಕೃತದಲ್ಲಿ ಅಗ್ನಿಗೆ ಪಾವಕನೆಂಬ ಹೆಸರುಂಟು; ಶುದ್ಧಿಗೊಳಿಸುವವನೆಂದರ್ಥ. ಈ ಹೆಸರಿನ ಬಲದಿಂದಲೇ ಇರಬೇಕು, ಬೆಂಕಿಗೆ ಹಾಕಿದುದೆಲ್ಲ ಇಲ್ಲವಾಯಿತೆಂದು ನಾವು ನಂಬಿಬಿಟ್ಟಿರುತ್ತೇವೆ. ಹಿಂದಿನವರು ಹಾಗೆ ನಂಬಿದಂತೆ ಕಾಣುವುದಿಲ್ಲ. ಅಶುಚಿಯಾದುದನ್ನು ಅಗ್ನಿಗೆ ಹಾಕಲಾಗದೆಂಬ ವಿಧಿ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ಆ ಗ್ರಂಥದಲ್ಲಿ ನಾವು ಒಪ್ಪಲಾರದ ಸಂಗತಿಗಳು ಬೇಕಾದಷ್ಟಿವೆ; ಇದೊಂದನ್ನು ಒಪ್ಪಲಡ್ಡಿಯಿಲ್ಲ. ಅದೇ ಶ್ಲೋಕದಲ್ಲಿ ಬೆಂಕಿಗೆ ಕಾಲು ಕಾಯಿಸಬಾರದೆಂಬ ನಿಷೇಧವೂ ಇದೆ. ಅದನ್ನು ಮಾತ್ರ ಪಾಲಿಸುವ ಧೈರ್ಯ ಪುಷ್ಯಮಾಸದಲ್ಲಿ ನಮಗಿಲ್ಲ.

ನಮ್ಮ ಮೊಮ್ಮಗಳು ವಿಜ್ಞಾನದ ವಿದ್ಯಾರ್ಥಿನಿ. ಅವಳು ತಿಳಿಸಿಕೊಟ್ಟುದು ಹೀಗೆ. ಚಳಿಗಾಲದ ಮುಂಜಾನೆ ನೆಲಕ್ಕಂಟಿದ ಗಾಳಿ ತಣ್ಣಗೆ ಭಾರವಾಗಿರುತ್ತದೆ, ಮೇಲಣದು ಬೆಚ್ಚಗಿರುತ್ತದೆ. ಆದುದರಿಂದ ಹೊಗೆಯು ಮೇಲಕ್ಕೇರಲಾರದೆ ಕಿಟಕಿಯ ಮಟ್ಟದಲ್ಲಿಯೇ ಹರಡಿಕೊಳ್ಳುತ್ತದೆ. ಇಬ್ಬನಿಯಲ್ಲಿ ನೆನೆದ ಎಲೆಯಂತೂ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಪ್ಲಾಸ್ಟಿಕ್ಕು ಇಂತಹ ಅರೆಬೆಂಕಿಯಲ್ಲಿ ಬೆಂದಾಗ ಡಯಾಕ್ಸಿನ್ ಮೊದಲಾದ ವಿಷಗಳು ಹುಟ್ಟುವುದುಂಟು. ಹೊಗೆಯ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣವಾಗಿರುವುದರಿಂದ, ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿದುಬಿಡುತ್ತವೆ. ಪಾವಕನು ನಮ್ಮ ಅಂಗಳದ ಕಸವನ್ನು ಎದುರು ಮನೆಯವರ ಎದೆಗೆ ಸಾಗಿಸುತ್ತಿದ್ದನೆಂಬುದು ಅಂದು ನಮಗೆ ಅರ್ಥವಾಯಿತು.

ಇದು ನಮ್ಮ ಬೀದಿಯೊಂದರ ಸಂಗತಿಯೂ ಅಲ್ಲ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯು ನಿಯತ ಮಟ್ಟಕ್ಕೆ ಬಾರದ ಪಟ್ಟಣಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದವು ನಾಲ್ಕೇ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ರಸ್ತೆಯ ಧೂಳು, ವಾಹನಗಳು ಮುಂತಾದ ಕಾರಣಗಳು ಹಲವಿವೆ. ಮಂಡಕ್ಕಿ ಭಟ್ಟಿಗಳ ಹೊಗೆಯೂ ಒಂದು. ಆದರೆ ಅದು ಅನ್ನದ ಬೆಂಕಿ, ಅದರ ವಿಚಾರಕ್ಕೆ ಇನ್ನೊಂದು ತಿಂಗಳೇ ಬೇಕು. ಕಸದ ಬೆಂಕಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಇನ್ನು ಕಾನೂನು. ದಾವಣಗೆರೆಯ ಮಹಾನಗರಪಾಲಿಕೆಯು 1976ರ ಕಾಯ್ದೆಗೆ ಒಳಪಟ್ಟಿದೆ, ಹರಿಹರದ ನಗರಸಭೆಯು 1964ರ ಕಾಯ್ದೆಗೆ. ಹೀಗಾಗಿ ಹೊಳೆಯ ದಡದ ಊರಿನಲ್ಲಿ ಬೇರೆಯೇ ನಿಯಮವಿದ್ದೀತೆಂದು ನಾವು ಭಾವಿಸಿದ್ದೆವು. ಹಾಗಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುವಂತೆ, ಬೀದಿಯಲ್ಲಾಗಲಿ ಬಯಲಿನಲ್ಲಾಗಲಿ ಕಸ ಸುಡುವುದನ್ನು ನಿಷೇಧಿಸಿದವು. ತೋಟದ ಎಲೆ ಕಡ್ಡಿಗಳನ್ನು ಅವರವರ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿದವು. ಅದೇ ವರ್ಷದ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಸಣ್ಣ ಬೆಂಕಿಗೆ 5,000 ರೂಪಾಯಿಗಳನ್ನೂ ದೊಡ್ಡ ರಾಶಿಯ ಬೆಂಕಿಗೆ 25,000 ರೂಪಾಯಿಗಳನ್ನೂ ತೆರಬೇಕೆಂದು ಆಜ್ಞಾಪಿಸಿತು. ಸುಟ್ಟವರು ನಗರಾಡಳಿತದವರೇ ಆದರೂ ವಿನಾಯಿತಿಯಿಲ್ಲವೆಂಬ ಅಂಶವನ್ನು ನಾವು ಎರಡು ಬಾರಿ ಓದಿ ಸಂತೋಷಪಟ್ಟೆವು. ನಮ್ಮ ಎರಡು ಚಳಿಗಾಲದ ಬೆಂಕಿಗಳಿಗೆ ಲೆಕ್ಕ ಹಾಕಿದರೆ ಪಿಂಚಣಿಯು ಸಾಲುತ್ತಿರಲಿಲ್ಲ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಪರರ ಪ್ರಾಣಕ್ಕೆ ಅಪಾಯ ತಂದರಂತೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆಮನೆಯುಂಟು.

ಹರಿಹರೇಶ್ವರನ ದರ್ಶನಕ್ಕೆಂದು ಹೋಗುವಾಗ, ಭತ್ತದ ಕೊಯ್ಲಾದ ದಿನಗಳಲ್ಲಿ ಭದ್ರಾ ಕಾಲುವೆಯ ಗದ್ದೆಗಳಲ್ಲಿ ಕೂಳೆಗೆ ಬೆಂಕಿಯಿಟ್ಟುದು ಕಾಣುತ್ತದೆ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಹುಲ್ಲು ಚೆಲ್ಲಿ ಬೀಳುತ್ತದೆ. ಒಟ್ಟಲು ಆಳಿಲ್ಲ, ಮುಂದಿನ ಬೆಳೆಗೆ ಸಮಯವಿಲ್ಲ. ಆ ಬೆಂಕಿಯಲ್ಲಿ ಹುಲ್ಲಿನೊಳಗಿನ ಸಾರಜನಕವು ಬಹುಮಟ್ಟಿಗೆ ಹೊಗೆಯಾಗಿ ಹೋಗುವುದರಿಂದ ರೈತನಿಗೆ ನಷ್ಟವೇ. ಆದರೂ ಅವನ ಕಷ್ಟವು ಅಂಗಳ ಗುಡಿಸುವ ಪಿಂಚಣಿದಾರನ ಕಷ್ಟದಂತಹುದಲ್ಲವಾದ್ದರಿಂದ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಮಗೆ ಮನಸ್ಸಿಲ್ಲ.

ಹಾಗಾದರೆ ಬಯಲಿನಲ್ಲಿ ಬೆಂಕಿಯೇ ಬೇಡವೇ ಎಂದು ಕೇಳುವವರುಂಟು. ನಮ್ಮ ಪಾಠಶಾಲೆಯ ಬಾಲಕರನ್ನು ಕೊಂಡಜ್ಜಿಯ ಸ್ಕೌಟ್ ಶಿಬಿರಕ್ಕೆ ಕರೆದೊಯ್ದಾಗ, ರಾತ್ರಿ ಶಿಬಿರಾಗ್ನಿಯ ಸುತ್ತ ಕುಳಿತು ಹಾಡಿಸಿದ ಸಂತೋಷವನ್ನು ನಾವು ಮರೆತಿಲ್ಲ. ಅಲ್ಲಿ ಮೊದಲು ತರಗೆಲೆಯನ್ನು ದೂರಕ್ಕೆ ಗುಡಿಸುತ್ತಿದ್ದೆವು. ಒಣಸೌದೆಯ ಹೊರತು ಬೇರೇನನ್ನೂ ಹಾಕಗೊಡುತ್ತಿರಲಿಲ್ಲ. ಮಲಗುವ ಮುನ್ನ ನೀರು ಹೊಯ್ದು, ಬೂದಿ ಕೆದಕಿ, ಕೈಗೆ ತಣ್ಣಗಾಗುವವರೆಗೂ ಒಬ್ಬ ಹುಡುಗನನ್ನು ಕಾವಲಿರಿಸುತ್ತಿದ್ದೆವು. ಕಾಯ್ದಿಟ್ಟ ಅರಣ್ಯದೊಳಗಾದರೋ ಬೆಂಕಿ ಹೊತ್ತಿಸುವುದೇ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಇಷ್ಟೆಲ್ಲವನ್ನು ಮಕ್ಕಳಿಗೆ ಕಲಿಸಿದ ನಾವೇ ಮನೆಯ ಮುಂದೆ ಹಾಲಿನ ಪೊಟ್ಟಣ ಸುಡುತ್ತಿದ್ದೆವು!

ಈಗ ಎಲೆಗಳಿಗಾಗಿ ಹಿತ್ತಿಲಿನಲ್ಲಿ ಮೂರಡಿಯ ಗುಂಡಿ ತೆಗೆಸಿದ್ದೇವೆ. ಹೊಂಗೆಯ ಎಲೆ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಒಳ್ಳೆಯ ಗೊಬ್ಬರ. ಮೇಲೆ ಸಗಣಿಯ ನೀರು ಚಿಮುಕಿಸಿ ಆಗಾಗ ಮಗುಚುತ್ತಿದ್ದರೆ ಕೆಲವು ತಿಂಗಳಲ್ಲಿ ಕಪ್ಪು ಮಣ್ಣಾಗುತ್ತದೆ. ಪೊಟ್ಟಣಗಳು ಪಾಲಿಕೆಯ ಗಾಡಿಗೆ ಹೋಗುತ್ತವೆ. ಗಾಡಿ ಬಾರದ ದಿನ ನಮ್ಮಾಕೆ ನಮ್ಮ ಮುಖ ನೋಡುತ್ತಾಳೆ. ನಾವು ಕಡ್ಡಿಪೆಟ್ಟಿಗೆಯ ಕಡೆಗೆ ನೋಡುವುದಿಲ್ಲ.

ಫಾಲ್ಗುಣದಲ್ಲಿ ಕಾಮಣ್ಣನ ಹುಡುಗರು ಸೌದೆಗೆ ಬಂದರು. ಹಿಂದೆಲ್ಲ ಬೀದಿಯ ಜನ ಕಾಮದಹನಕ್ಕೆ ಕುಳ್ಳು ಕಟ್ಟಿಗೆ ಕೊಟ್ಟು, ಕೆಂಡವನ್ನು ಮನೆಗೆ ಒಯ್ಯುತ್ತಿದ್ದರು. ಈಚೆಗೆ ಟೈರುಗಳೂ ಮುರಿದ ಪ್ಲಾಸ್ಟಿಕ್ ಕುರ್ಚಿಗಳೂ ಆ ರಾಶಿಯನ್ನು ಸೇರುತ್ತಿವೆ. ಟೈರು ಹಾಕಬೇಡಿರೆಂದು ನಾವು ಹೇಳಿದ್ದಕ್ಕೆ, ಅವರ ಮುಖಂಡನಾದ ಹತ್ತು ವರ್ಷದ ಬಾಲಕನು, “ಹಾಕಂಗಿಲ್ಲ ಮೇಷ್ಟ್ರೇ, ಆದ್ರೆ ಕಟ್ಟಿಗಿ ನೀವಾ ಕೊಡ್ಬೇಕು” ಎಂದನು. ಅಟ್ಟದ ಮೇಲಿದ್ದ ಹಳೆಯ ಮಂಚದ ಎರಡು ಕಾಲುಗಳನ್ನು ಕೊಟ್ಟೆವು. ಆ ರಾತ್ರಿ ಎದುರು ಮನೆಯ ಯಜಮಾನರು ತಮ್ಮ ಜಗಲಿಯ ಮೇಲೆ ಕುಳಿತು ಬೆಂಕಿಯನ್ನು ನೋಡಿದರು. ಮಂಚದ ಇನ್ನೆರಡು ಕಾಲುಗಳನ್ನು ಮುಂದಿನ ವರ್ಷಕ್ಕೆಂದು ತೆಗೆದಿರಿಸಿದ್ದೇವೆ.